ಗೂಟದ ಮೇಲಿನ ಕೈ

ಯುದ್ಧ ನಡೆಯುತ್ತಿದ್ದ ಕಾಲ. ಅಂಗಡಿಯಲ್ಲಿ ಸೀಮೆಎಣ್ಣೆ ಇಲ್ಲ, ರಾಗಿಗೂ ರೇಷನ್ನು. ಅಂಥ ಹೊತ್ತಿನಲ್ಲಿ ಮುದುಕರ ವಿಷಯ ತಿಳಿಯಬೇಕೆಂದು ಬೆಂಗಳೂರಿನಿಂದ ಇಬ್ಬರು ಸಾಸಲು ಎಂಬ ಹಳ್ಳಿಗೆ ಬಂದರೆ ಯಾರು ತಾನೇ ನಂಬುತ್ತಾರೆ? ಒಬ್ಬರು ಡಾಕ್ಟರು, ಕಣ್ಣು, ಕೀಲು, ನಾಡಿ ನೋಡುವವರು. ಇನ್ನೊಬ್ಬರು ಕಾಲೇಜಿನ ಮೇಷ್ಟ್ರು ಆದಿನಾರಾಯಣಪ್ಪ. ಮುಪ್ಪಿನಲ್ಲಿ ಯಾರು ಏನು ಗೇಯುತ್ತಾರೆ, ಮನೆಯಲ್ಲಿ ಅವರ ಮಾತು ನಡೆಯುತ್ತದೆಯೇ ಎಂದು ವಿಚಾರಿಸುವವರು. ಮುಪ್ಪನ್ನು ಒಂದೇ ಕಡೆಯಿಂದ ನೋಡಿದರೆ ಅರ್ಧವೇ ಕಾಣುವುದೆಂದು ಜೊತೆಯಾಗಿ ಹೊರಟಿದ್ದರು.

ಊರಲ್ಲಿ ಹಬ್ಬಿದ ಸುದ್ದಿಯೇ ಬೇರೆ. ಗೇಯಲಾರದ ಮುದುಕರ ರೇಷನ್ ರಾಗಿ ಕಡಿತ ಮಾಡುತ್ತಾರಂತೆ.

ಮುನಿವೆಂಕಟಮ್ಮನ ಬಲಗೈ ಬೆರಳು ಮಡಚಿಕೊಂಡು ವರ್ಷವಾಗಿತ್ತು. ಅಂದಿನಿಂದ ಬೀಸುತ್ತಿದ್ದವಳು ವಿಧವೆ ಸೊಸೆ ಅಕ್ಕಯಮ್ಮ ಒಬ್ಬಳೇ. ತನ್ನ ಪಾಲು ನಿಂತರೆ ಮೊಮ್ಮಕ್ಕಳ ಮುದ್ದೆ ಚಿಕ್ಕದಾಗುತ್ತದೆಂದು ಮುದುಕಿಗೆ ದಿಗಿಲು. ಬಂದವರು ಜಗಲಿ ಹತ್ತುವಷ್ಟರಲ್ಲಿ ಬೀಸುಕಲ್ಲಿನ ಮುಂದೆ ಕೂತಿದ್ದಳು. ಎದುರಿಗೆ ಸೊಸೆ.

“ಏನಜ್ಜಿ, ದಿನಾ ಬೀಸ್ತೀರಾ?” ಎಂದರು ಮೇಷ್ಟ್ರು.

“ನಾನಲ್ದೆ ಇನ್ಯಾರು? ಇವಳು ಕೈ ಇಟ್ರೆ ಕಲ್ಲೇ ತೂಕಡಿಸುತ್ತೆ.”

“ಹೌದು ಸ್ವಾಮಿ, ಎಲ್ಲಾ ನಮ್ಮತ್ತೇದೇ,” ಎಂದಳು ಅಕ್ಕಯಮ್ಮ.

ಕಲ್ಲು ತಿರುಗಿತು. ಗೂಟದ ಮೇಲೆ ಇಬ್ಬರ ಕೈ. ಮುದುಕಿಯ ತುಟಿ ಬಿಳಿಚಿಕೊಂಡಿತು. ಡಾಕ್ಟರು ಬಾಗಿ, ಆ ಮಡಚಿದ ಬೆರಳುಗಳನ್ನು ಮೆಲ್ಲಗೆ ಗೂಟದಿಂದ ಬಿಡಿಸಿದರು. ಕಲ್ಲು ಮಾತ್ರ ತಿರುಗುತ್ತಲೇ ಇತ್ತು. ಅಕ್ಕಯಮ್ಮ ಆಮೇಲೆ ಎಚ್ಚೆತ್ತು ಕೈ ತೆಗೆದಳು.

“ಅವಳನ್ನ ಬಯ್ಬೇಡಿ,” ಎಂದಳು ಮುದುಕಿ. “ಸುಳ್ಳು ನಂದು. ನನ್ನ ಪಾಲಿನ ರಾಗಿ ನಿಲ್ಲಿಸ್ಬಿಡಿ, ಮಕ್ಕಳದ್ದು ಮುಟ್ಬೇಡಿ.”

ಮೇಷ್ಟ್ರು ನೆಲದ ಮೇಲೇ ಕೂತರು. “ಯಾರ ರಾಗೀನೂ ಕಡಿತ ಮಾಡಲ್ಲ ಕಣಮ್ಮ. ವಯಸ್ಸಾದೋರು ಹೆಂಗೆ ಬಾಳ್ತಾರೆ ಅಂತ ತಿಳ್ಕೊಳ್ಳೋಕೆ ಬಂದ್ವಿ, ಅಷ್ಟೆ.”

“ಅದಕ್ಕೆ ಇಷ್ಟು ದೂರ ಬಂದ್ರಾ? ನಿಮ್ಮನೇಲಿ ಮುದುಕ್ರು ಇಲ್ವಾ?”

“ಇದಾರೆ,” ಎಂದರು ಮೇಷ್ಟ್ರು.

ಡಾಕ್ಟರು ಇನ್ನೂ ಆ ಬೆರಳುಗಳನ್ನೇ ನೀವುತ್ತಿದ್ದರು. “ಈ ಕೈ ಇನ್ನು ಬೀಸ್ಬಾರ್ದು,” ಎಂದರು.

ರಾಗಿಯ ಪಾಲಿಗೇನೂ ಕುತ್ತು ಬರಲಿಲ್ಲ. ಆದರೂ ಅವರು ಹೋದ ಮೇಲೆ ಮುನಿವೆಂಕಟಮ್ಮ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಯಾರೋ ನೆಂಟರ ಮನೆಗೆ ಬಂದವಳಂತೆ ಗೋಡೆಗೆ ಒರಗಿದಳು.

ಅಕ್ಕಯಮ್ಮ ಮತ್ತೆ ಕಲ್ಲಿನ ಮುಂದೆ ಕೂತಳು. “ಅತ್ತೆ, ಬನ್ನಿ.”

“ಡಾಕ್ಟ್ರು ಹೇಳಿದ್ದು ಕೇಳಿಸ್ಲಿಲ್ವೇನೇ?”

“ಬೀಸ್ಬೇಡಿ. ಎಡಗೈಲಿ ಕಾಳು ಹಾಕಿ. ಎಷ್ಟು ಹಾಕ್ಬೇಕೋ ನಂಗೆ ಇನ್ನೂ ಅಂದಾಜು ಸಿಕ್ಕಲ್ಲ.”

ವರ್ಷದಿಂದ ಒಬ್ಬಳೇ ಬೀಸಿದವಳ ಮುಖವನ್ನು ಮುದುಕಿ ದಿಟ್ಟಿಸಿದಳು. ಆಮೇಲೆ ಕಲ್ಲಿನ ಬಳಿಗೆ ಸರಿದು, ಎಡಗೈಯಿಂದ ಹಿಡಿ ರಾಗಿ ಅದರ ಬಾಯಿಗೆ ಸುರಿದಳು.

“ನಿಧಾನಕ್ಕೆ ತಿರುಗ್ಸೇ,” ಎಂದು ಗದರಿದಳು.