ಹಾಜರಿ ಪುಸ್ತಕದ ಬಾಬಾಜಾನ್

ಬಾಬಾಜಾನ್ ಉಸ್ತಾದ್ ಸತ್ತದ್ದು 1988ರ ನವೆಂಬರಿನಲ್ಲಿ. ಕಾಮಾಲೆಯಾಗಿ ಹದಿನೇಳು ದಿನ ಮಲಗಿದ್ದರು. ಶಿಡ್ಲಘಟ್ಟದ ಖಬರಸ್ಥಾನದಲ್ಲಿ ಅವರಿಗೆ ಮಣ್ಣು ಹಾಕಿದವರಲ್ಲಿ ನಾನೂ ಒಬ್ಬ. ಎಲ್ಲರಂತೆ ಮೂರು ಹಿಡಿ ಹಾಕಿದೆ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಯಾಕೆಂದರೆ ಸರ್ಕಾರದ ಕಾಗದದಲ್ಲಾಗಲಿ ಕಾರು ಕಂಪನಿಯ ಕಾಗದದಲ್ಲಾಗಲಿ ಅವರು ಇವತ್ತಿಗೂ ಸತ್ತಿಲ್ಲ.

ನನ್ನ ಹೆಸರು ಚನ್ನಕೇಶವ. ಕೈವಾರದ ಪಕ್ಕದ ಹಳ್ಳಿ. ಏಳನೇ ಕ್ಲಾಸಿನಲ್ಲಿ ಫೇಲಾಗಿ ಶಾಲೆ ಬಿಟ್ಟೆ. ಗೌರಿಬಿದನೂರಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ದಕ್ಷಿಣಾಮೂರ್ತಿಯವರ ಶೆಡ್ಡು ಸೇರಿದಾಗ ನನಗೆ ಹದಿನೆಂಟು. ಅವರು ತಾಲ್ಲೂಕು ಕಚೇರಿಯ ಗುಮಾಸ್ತಿಕೆ ಬಿಟ್ಟು, ಸಣ್ಣ ಕೈಗಾರಿಕೆ ಸಾಲ ತೆಗೆದು ಶೆಡ್ಡು ಹಾಕಿದವರು. ಕಬ್ಬಿಣ ಕಡೆಯುವ ಮೂರು ಲೇತು, ಒಂಬತ್ತು ಜನ. ನಾವು ಕಡೆಯುತ್ತಿದ್ದುದು ಒಂದೇ ಸಾಮಾನು, ವಾಲ್ವ್ ಗೈಡು. ಕಾರಿನ ಎಂಜಿನ್ನಿನೊಳಗೆ ವಾಲ್ವು ಮೇಲೆ ಕೆಳಗೆ ಆಡಲು ಇಡುವ ಕಿರುಬೆರಳುದ್ದದ ಬೀಡುಕಬ್ಬಿಣದ ಕೊಳವೆ. ಅದರ ತೂತು ಒಂದೆಳೆ ದೊಡ್ಡದಾದರೆ ಎಂಜಿನ್ನು ಆಯಿಲ್ ಕುಡಿಯುತ್ತದೆ, ಒಂದೆಳೆ ಸಣ್ಣದಾದರೆ ವಾಲ್ವು ಹಿಡಿದುಕೊಂಡು ಕಾರು ನಿಲ್ಲುತ್ತದೆ.

ಆಗ ಕಾರು ಬೇಕಾದವನು ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಯಾವ ಕಂಪನಿ ಎಷ್ಟು ಕಾರು ಮಾಡಬಹುದೆಂದು ಸರ್ಕಾರ ಹೇಳುತ್ತಿತ್ತು. ಬಿಡಿಭಾಗಗಳನ್ನು ಹೊರದೇಶದಿಂದ ತರಿಸುವುದು ಸುಲಭವಿರಲಿಲ್ಲವಾದ್ದರಿಂದ ಪುಣೆಯ ಕಾರು ಕಂಪನಿ ನಮ್ಮಂಥ ಶೆಡ್ಡುಗಳ ಬಾಗಿಲಿಗೆ ಬರುತ್ತಿತ್ತು. ದಕ್ಷಿಣಾಮೂರ್ತಿ ಇದನ್ನು ಬೇಲಿ ಅನ್ನುತ್ತಿದ್ದರು. ಬೇಲಿ ಇರುವುದಕ್ಕೇ ಗೌರಿಬಿದನೂರಿನಲ್ಲಿ ಲೇತು ತಿರುಗುತ್ತಿದೆ, ಇಲ್ಲದಿದ್ದರೆ ನೀವೆಲ್ಲ ಹಿಂದೂಪುರದ ಸಂತೆಯಲ್ಲಿ ಮೂಟೆ ಹೊರುತ್ತಿದ್ದಿರಿ ಎಂದು ತಿಂಗಳಿಗೊಮ್ಮೆಯಾದರೂ ಹೇಳುವರು. ಮಾತು ಸುಳ್ಳೇನಲ್ಲ. ಅದಕ್ಕೇ ನಮಗೆ ಇನ್ನೂ ಉರಿಯುತ್ತಿತ್ತು.

ನಮ್ಮ ಶೆಡ್ಡಿನ ಹಿರಿಯರಾದ ಬಾಬಾಜಾನ್ ಉಸ್ತಾದ್ ಎರಡು ವರ್ಷ ಕಷ್ಟಪಟ್ಟು ಆ ಗೈಡನ್ನು ಸರಿಯಾಗಿ ಕಡೆದಿದ್ದರು. ಅವರ ಹತ್ತಿರ ಐಟಿಐ ಸರ್ಟಿಫಿಕೇಟಿತ್ತು. ನೂರು ಸ್ಯಾಂಪಲ್ಲು ಪುಣೆಗೆ ಹೋಯಿತು. ಅಪ್ರೂವಲ್ ಬಂದಾಗ ಅವರು ಮಣ್ಣಾಗಿ ಮೂರು ವಾರ. ಕಾಗದದಲ್ಲಿ ಆಪರೇಟರ್ ಬಾಬಾಜಾನ್ ಎಂದು ಹೆಸರು, ಸರ್ಟಿಫಿಕೇಟಿನ ನಂಬರು. ಆಪರೇಟರ್ ಬದಲಾದರೆ ಸ್ಯಾಂಪಲ್ಲು ಮತ್ತೆ ಹೋಗಬೇಕು, ಅದಕ್ಕೆ ಎಂಟೋ ಹತ್ತೋ ತಿಂಗಳು. ಅಷ್ಟರಲ್ಲಿ ಶೆಡ್ಡು ಬ್ಯಾಂಕಿನ ಪಾಲು. ದಕ್ಷಿಣಾಮೂರ್ತಿ ಒಂದು ದಿನ ಪೂರ್ತಿ ಆ ಕಾಗದ ಹಿಡಿದು ಕೂತಿದ್ದರು. ಆಮೇಲೆ ಶಿಡ್ಲಘಟ್ಟಕ್ಕೆ ಹೋಗಿ ಉಸ್ತಾದರ ಹೆಂಡತಿ ರಹಮತುನ್ನೀಸಾ ಅವರಿಗೆ ತಿಂಗಳು ತಿಂಗಳು ಅರ್ಧ ಸಂಬಳ ಕೊಡುವುದಾಗಿ ಒಪ್ಪಿಸಿ ಬಂದರು. ಅವರು ಮಾಡಬೇಕಾಗಿದ್ದುದು ಇಷ್ಟೇ: ಪುರಸಭೆಯಲ್ಲಿ ಸಾವು ಬರೆಸಬಾರದು.

ನನಗೆ ಉಸ್ತಾದ್ ಕೈ ಹಿಡಿದು ಕಲಿಸಿದ್ದರು. ಅವರು ಬಿಟ್ಟುಹೋದ ಕೆಲಸ ಮಾಡಲು ಇದ್ದವನು ನಾನೊಬ್ಬನೇ. ಆದರೆ ನನ್ನ ಹತ್ತಿರ ಕಾಗದವಿರಲಿಲ್ಲ.

ಮಾರ್ಚಿನಲ್ಲಿ ಕೈಗಾರಿಕೆ ಇಲಾಖೆಯ ಇನ್ಸ್‌ಪೆಕ್ಟರ್ ಬಂದರು. ಅವತ್ತು ಬೆಳಿಗ್ಗೆ ದಕ್ಷಿಣಾಮೂರ್ತಿ ನನ್ನನ್ನು ಪಕ್ಕಕ್ಕೆ ಕರೆದರು.

"ಇವತ್ತೊಂದಿನದ ಮಟ್ಟಿಗೆ ಕಣಪ್ಪ. ಹೆಸರು ಕೂಗಿದ್ರೆ ಕೈ ಎತ್ತು, ಸಾಕು."

ಇನ್ಸ್‌ಪೆಕ್ಟರು ಹಾಜರಿ ಪುಸ್ತಕ ತೆರೆದರು. ಸರ್ಟಿಫಿಕೇಟಿನ ಫೋಟೋ ತೇವಕ್ಕೆ ಬೆಳ್ಳಗಾಗಿ, ಕಿವಿ ಮತ್ತು ಕಾಲರು ಮಾತ್ರ ಉಳಿದಿದ್ದವು. ಆ ಕಿವಿ ಯಾರದಾದರೂ ಆಗಬಹುದಿತ್ತು. ಬಾಬಾಜಾನ್ ಯಾರಪ್ಪ ಎಂದರು. ನಾನು ಕೈ ಎತ್ತಿದೆ. ಅವರು ನನ್ನ ಮುಖ ನೋಡಲಿಲ್ಲ, ಪುಸ್ತಕದಲ್ಲಿ ಗೀಟು ಹಾಕಿದರು. ಉಸ್ತಾದ್ ಹಾಜರಾದರು.

ಪಕ್ಕದ ಲೇತಿನ ಕೋನಪ್ಪನಿಗೆ ಅವತ್ತಿನಿಂದ ನಾನೊಂದು ತಮಾಷೆ. ಊಟದ ಡಬ್ಬಿ ತೆಗೆದಾಗಲೆಲ್ಲ, "ಏಮಯ್ಯಾ ಬಾಬಾಜಾನೂ, ನಮಾಜು ಆಯ್ತಾ?" ಅನ್ನುವನು. ಎಲ್ಲರೂ ನಗುವರು. ನಾನೂ ಎರಡು ಸಲ ನಕ್ಕೆ.

ಆ ನಗು ನಿಂತದ್ದು ಹೀಗೆ. ಮಳೆ ಮೋಡ ಕವಿದ ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂತು. ನಾನು ಲೇತು ಚಾಲೂ ಮಾಡಿ ಕಡೆಯುತ್ತಿದ್ದೆ. ಹಿಂದಿನಿಂದ ಬಂದ ಕೋನಪ್ಪ, "ಉಸ್ತಾದ್, ಒಂದು ಬೀಡಿ," ಎಂದ. ನಾನು ತಿರುಗಿದೆ. ನನ್ನ ಮುಖ ನೋಡಿ ಅವನು ಎರಡು ಹೆಜ್ಜೆ ಹಿಂದೆ ಸರಿದ. ಅಲ್ಲಿಯವರೆಗೆ ನಾನು ಎಡಗಾಲನ್ನು ಲೇತಿನ ಕೆಳಗಿನ ಹಲಗೆಯ ಮೇಲಿಟ್ಟು, ಬಲಗಿವಿಯನ್ನು ಟೂಲಿನ ಹತ್ತಿರಕ್ಕೆ ತಂದು, ಕಣ್ಣು ಮುಚ್ಚಿ ನಿಂತಿದ್ದೆನಂತೆ. ಉಸ್ತಾದ್ ಹಾಗೆ ನಿಲ್ಲುತ್ತಿದ್ದರು. ಕಬ್ಬಿಣ ಕೊಯ್ಯುವ ಸದ್ದು ಸುಳ್ಳು ಹೇಳುವುದಿಲ್ಲ, ಅಳೆಯುವ ಗೇಜಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ ಅನ್ನುತ್ತಿದ್ದರು. ಆದರೆ ನನಗೆ ಹಾಗೆ ನಿಲ್ಲಲು ಅವರು ಕಲಿಸಿರಲಿಲ್ಲ. ನಾನು ಯಾವತ್ತಿನಿಂದ ಹಾಗೆ ನಿಲ್ಲುತ್ತಿದ್ದೇನೋ ನನಗೆ ತಿಳಿಯದು.

ಆಮೇಲೆ ಕೆಲವು ಬೆಳಿಗ್ಗೆ ಬಂದು ನೋಡಿದರೆ ನನ್ನ ಲೇತಿನ ಟೂಲು ಒಂದು ಕೂದಲಷ್ಟು ಒಳಕ್ಕೆ ಸರಿದಿರುತ್ತಿತ್ತು. ಕೋನಪ್ಪನನ್ನು ಕೇಳಿದರೆ ತಾಯಾಣೆ ನಾನಲ್ಲ ಎಂದ. ಹಿಂದಿನ ಸಂಜೆ ಹೇಗಿಟ್ಟಿದ್ದೆನೋ ಹಾಗೆ ಕಡೆದರೆ ಪೀಸು ರಿಜೆಕ್ಟ್. ಸರಿದ ಜಾಗದಲ್ಲೇ ಬಿಟ್ಟು ಕಡೆದರೆ ಪಾಸು. ನಾನು ಹಾಗೇ ಬಿಡುವುದನ್ನು ಕಲಿತೆ.

ಐದು ವರ್ಷ, ಎಂಟು ಇನ್ಸ್‌ಪೆಕ್ಷನ್ನು. ಎಂಟು ಸಲ ಕೈ ಎತ್ತಿದೆ.

ಅಷ್ಟರಲ್ಲಿ ದೆಹಲಿಯಲ್ಲಿ ಬೇಲಿ ಕೀಳಲು ಶುರುಮಾಡಿದ್ದರು. ಲೈಸೆನ್ಸು ಹೋಯಿತು, ಹೊರಗಿನ ಕಂಪನಿಗಳು ಬರುತ್ತವೆ ಎಂದು ಪೇಪರಿನಲ್ಲಿ ದಿನಾ ಸುದ್ದಿ. ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕೂಡ ಯಾವ ಕಾರು ಬರುತ್ತದೆ, ಎಷ್ಟಕ್ಕೆ ಬರುತ್ತದೆ ಎಂದು ಸೈಕಲ್ಲೂ ಇಲ್ಲದವರು ವಾದ ಮಾಡುತ್ತಿದ್ದರು. ನನಗೆ ಒಳಗೊಳಗೇ ಖುಷಿ. ಸರ್ಕಾರ ಕಾಗದ ನೋಡುತ್ತಿತ್ತು, ಮಾರ್ಕೆಟ್ಟು ಮಾಲು ನೋಡುತ್ತದೆ ಅಂದುಕೊಂಡೆ. ಮಾಲು ನನ್ನದು. ಇನ್ನು ನನ್ನ ಹೆಸರು ಹೇಳಬಹುದು.

1994ರಲ್ಲಿ ಪುಣೆಯಿಂದ ಒಬ್ಬ ಇಂಜಿನಿಯರು ಬಂದರು. ಒರಟು ಮನುಷ್ಯನಲ್ಲ. ಎರಡು ದಿನ ನನ್ನ ಲೇತಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಇನ್ನೂರು ಗೈಡುಗಳನ್ನು ತಾವೇ ಅಳೆದರು. ಒಂದೂ ರಿಜೆಕ್ಟ್ ಆಗಲಿಲ್ಲ. ಕೊನೆಗೆ ಹಿಂದಿ ಇಂಗ್ಲಿಷ್ ಬೆರೆಸಿ ಹೇಳಿದರು. ಮೊದಲು ಗಿರಾಕಿ ಕಾಯುತ್ತಿದ್ದ, ಹಾಗಾಗಿ ಹೇಗಿದ್ದರೂ ನಡೆಯುತ್ತಿತ್ತು; ಈಗ ಅವನು ಪಕ್ಕದ ಅಂಗಡಿಗೆ ಹೋಗುತ್ತಾನೆ. ಗೈಡು ಕೊಡುವ ಹನ್ನೊಂದು ಶೆಡ್ಡುಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಳ್ಳುತ್ತೇವೆ. ನಿಮ್ಮದು ಉಳಿಯುತ್ತದೆ, ಆದರೆ ಬಾಬಾಜಾನ್ ನಮಗೆ ಬೇಕು. ಹೊಸ ಫ್ಯಾಕ್ಟರಿಯಲ್ಲಿ ಹುಡುಗರಿಗೆ ಕಲಿಸಬೇಕು, ಪರ್ಮನೆಂಟ್ ಕೆಲಸ.

ಸರ್ಟಿಫಿಕೇಟು ಇಲ್ಲದವನು ಇದೇ ಮಾಲು ಮಾಡಿದರೆ ತೆಗೆದುಕೊಳ್ಳುತ್ತೀರಾ ಎಂದು ನಾನು ಕೇಳಿದೆ. ದಕ್ಷಿಣಾಮೂರ್ತಿ ಕೆಮ್ಮಿದರು. ಇಂಜಿನಿಯರು ನಕ್ಕರು. ಮೊದಲು ಸರ್ಕಾರಕ್ಕೆ ಮಾತ್ರ ಕಾಗದ ತೋರಿಸಿದರೆ ಸಾಕಿತ್ತು, ಈಗ ಹೊರದೇಶದ ಪಾಲುದಾರರು ಸರ್ಕಾರಕ್ಕಿಂತ ಹೆಚ್ಚು ಕಾಗದ ಕೇಳುತ್ತಾರೆ ಎಂದರು. ಆಮೇಲೆ ಒಂದು ಫಾರಂ ಕೊಟ್ಟರು. ಪಿಎಫ್ ದುಡ್ಡಿನ ವಾರಸುದಾರಳೆಂದು ಹೆಂಡತಿಯ ಸಹಿ ಬೇಕಿತ್ತು.

ಅವರು ಹೋದ ಮೇಲೆ ನಾನು ಹೋಗುವುದಿಲ್ಲ ಎಂದೆ. ಹೋಗುವುದಾದರೆ ಚನ್ನಕೇಶವನಾಗಿ ಹೋಗುತ್ತೇನೆ ಎಂದೆ. ದಕ್ಷಿಣಾಮೂರ್ತಿ ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

"ಚನ್ನಕೇಶವನ್ನ ಯಾರು ಕೇಳಿದಾರಪ್ಪ? ನಾನು ನಿನ್ನ ಹೆಸರು ಹೇಳ್ದೆ ಅನ್ಕೋ. ಐದು ವರ್ಷದ ಕಾಗದ ಪೂರ್ತಿ ಸುಳ್ಳು ಅಂತಾಗತ್ತೆ. ಶೆಡ್ಡು ಮುಚ್ಚತ್ತೆ, ನಾನು ಕೋರ್ಟಿಗೆ. ಕೋನಪ್ಪ, ಅವನ ಮೂರು ಹೆಣ್ಣುಮಕ್ಕಳು ಎಲ್ಲಿಗೆ? ನೀನೇ ಹೇಳು, ಹಂಗೇ ಮಾಡಣ."

ಬೇಲಿ ಇದ್ದಾಗ ಒಳಗೆ ನಾನಿರಲಿಲ್ಲ. ಬೇಲಿ ಕಿತ್ತ ಮೇಲೆ ಹೊರಗೂ ನಾನಿರಲಿಲ್ಲ. ಎರಡೂ ಕಡೆ ಇದ್ದವರು ಉಸ್ತಾದ್ ಒಬ್ಬರೇ.

ಫಾರಂ ಹಿಡಿದು ಶಿಡ್ಲಘಟ್ಟಕ್ಕೆ ಹೋದೆ. ರಹಮತುನ್ನೀಸಾ ಭಾಬಿ ರೇಷ್ಮೆ ನೂಲು ತೆಗೆಯುವ ಮನೆಯೊಂದರಲ್ಲಿ ಕೆಲಸ ಮಾಡುತ್ತಿದ್ದರು. ಬಿಸಿನೀರಿನಲ್ಲಿ ಗೂಡು ತಿರುವಿ ತಿರುವಿ ಬೆರಳು ಬೆಳ್ಳಗೆ ನೆರಿಗೆಗಟ್ಟಿದ್ದವು. ಮನೆಗೆ ಕರೆದುಕೊಂಡು ಹೋಗಿ ಟೀ ಕೊಟ್ಟರು. ಮಗಳು ಗುಲ್ಷನ್ ಮೂಲೆಯಲ್ಲಿ ಕೂತು ಪಾಠ ಬರೆಯುತ್ತಿದ್ದಳು. ನಾನು ಬಂದ ಕಾರಣ ಹೇಳಿದೆ. ಅವರು ನನ್ನ ಲೋಟದ ಕಡೆ ನೋಡಿದರು.

"ಟೀ ಸಿಹಿ ಸರಿ ಐತಾ?" ಎಂದರು. ಸರಿಯಾಗಿದೆ ಎಂದೆ.

"ರೇಷನ್ ಕಾರ್ಡಲ್ಲಿ ಅವರು ಇನ್ನೂ ಇದಾರೆ. ಅವರ ಪಾಲಿನ ಸಕ್ಕರೆ ತಿಂಗ್ಳು ತಿಂಗ್ಳು ಬರತ್ತೆ. ನೀನು ಕುಡೀತಾ ಇರೋದು ಅದೇ."

ಲೋಟ ಕೈಯಲ್ಲೇ ಉಳಿಯಿತು. ಕುಡಿ, ಚೆಲ್ಲಬೇಡ ಎಂದರು. ನಾನು ಕುಡಿದೆ.

ಊರಿನವರಿಗೆಲ್ಲ ಅವರು ಸತ್ತದ್ದು ಗೊತ್ತು, ಅಳುವುದಕ್ಕೂ ಬಂದಿದ್ದರು, ಆದರೆ ಯಾವ ಕಾಗದ ತೆಗೆದರೂ ಅವರು ಬದುಕಿಯೇ ಇರುತ್ತಾರೆ ಎಂದು ಭಾಬಿ ನಿಧಾನವಾಗಿ ಹೇಳಿದರು. ಶಾಲೆಯ ಫಾರಮ್ಮಿನಲ್ಲಿ, ವೋಟರ್ ಲಿಸ್ಟಿನಲ್ಲಿ ಎಲ್ಲ ಕಡೆ. ಇಷ್ಟು ಕಡೆ ಇರುವವರು ಪೂರ್ತಿ ಹೋಗಿರುವುದಕ್ಕೆ ಹೇಗೆ ಸಾಧ್ಯ ಎಂದು ಕೆಲವು ಸಲ ಅನ್ನಿಸುತ್ತದಂತೆ. ಆಮೇಲೆ ಫಾರಂ ತೆಗೆದುಕೊಂಡು, ಉರ್ದುವಿನಲ್ಲಿ ಹೆಸರು ಬರೆದರು. ನಾನು ಅವರ ಗಂಡ ಎಂಬ ಸಾಲಿನ ಕೆಳಗೆ. ನನ್ನ ಕಡೆ ನೋಡಲಿಲ್ಲ.

"ನನಗೊಂದು ಮಾತು ಕೊಡು, ತಮ್ಮಾ. ಅಲ್ಲಿ ಯಾರಾದ್ರೂ ಬಾಬಾಜಾನ್ ಅಂತ ಕೂಗಿದ್ರೆ ತಟ್ಟನೆ ಓ ಅನ್ಬೇಡ. ಒಂಚೂರು ತಡಿ. ಅವರೇ ಓ ಅಂತಾರೇನೋ ನೋಡು."

ಮಾತು ಕೊಟ್ಟೆ.

ಪುಣೆಯಲ್ಲಿ ಮೂರು ವರ್ಷ ಅದನ್ನು ನಡೆಸಿದೆ. ಫೋರ್‌ಮನ್ ಕೂಗಿದರೆ ಒಂದು ಉಸಿರು ತಡೆದು ಆಮೇಲೆ ಉತ್ತರ ಕೊಡುತ್ತಿದ್ದೆ. ಕಿವಿ ಮಂದ ಎಂದು ಡಾಕ್ಟರ ಹತ್ತಿರ ಕಳಿಸಿದರು. ಡಾಕ್ಟರು ಕಿವಿ ಚೆನ್ನಾಗಿದೆ ಎಂದು ಬರೆದುಕೊಟ್ಟರು. ಶುಕ್ರವಾರ ನಮಾಜಿಗೆಂದು ನನಗೆ ಅರ್ಧ ಗಂಟೆ ಹೆಚ್ಚಿನ ಬಿಡುವು. ಫ್ಯಾಕ್ಟರಿಯಲ್ಲೇ ಉಳಿದರೆ ಅನುಮಾನ ಬರುತ್ತದೆಂದು ಮಸೀದಿಯ ನೀರಿನ ತೊಟ್ಟಿಯ ಬಳಿ ಹೋಗಿ ಕೂರುತ್ತಿದ್ದೆ. ಒಳಗೆ ಎಲ್ಲರೂ ಒಟ್ಟಿಗೆ ಬಾಗಿ ಏಳುವ ಸದ್ದು ಕೇಳುತ್ತಿತ್ತು. ಒಂದೆರಡು ಸಲ ನನ್ನ ಪಕ್ಕದಲ್ಲಿ ಯಾರೋ ಕೈಕಾಲು ತೊಳೆದು ಒಳಗೆ ಹೋದಂತಾಯಿತು. ತಿರುಗಿದರೆ ಕಲ್ಲು ಒದ್ದೆ, ಯಾರೂ ಇರಲಿಲ್ಲ.

ಊರಿನಲ್ಲಿ ನನ್ನ ತಾಯಿ ಮುನಿಗಂಗಮ್ಮ ಒಬ್ಬಳೇ. ಕೈವಾರಕ್ಕೆ ಬರುವ ಯಾತ್ರಿಕರಿಗೆ ಪುರಿ ಬತ್ತಾಸು ಮಾರುತ್ತಿದ್ದಳು. ಅವಳಿಗೆ ನಾನು ಪುಣೆಯಲ್ಲಿದ್ದೇನೆಂದು ಗೊತ್ತಿತ್ತು, ಯಾರಾಗಿದ್ದೇನೆಂದು ಗೊತ್ತಿರಲಿಲ್ಲ. ಅವಳ ಪತ್ರಗಳು ಪುಣೆಯ ಒಂದು ಟೀ ಅಂಗಡಿಯ ವಿಳಾಸಕ್ಕೆ ಬರುತ್ತಿದ್ದವು. ಅವಳಿಗೆ ಓದಿ ಬರೆದು ಮಾಡುತ್ತಿದ್ದವರು ಪಕ್ಕದ ಮನೆಯ ವೆಂಕಟರಾಮಪ್ಪ ಮಾವ.

1997ರ ಫೆಬ್ರವರಿಯಲ್ಲಿ ದಕ್ಷಿಣಾಮೂರ್ತಿ, ನನ್ನ ಊರಿನಿಂದ ಸುದ್ದಿ ತಡವಾಗಿ ಮುಟ್ಟಿ, ಕಂಪನಿಗೆ ಫೋನು ಮಾಡಿ, ಬಾಬಾಜಾನ್ ಬೇಕು ಎಂದು ಕೇಳಿ, ನನ್ನ ತಾಯಿ ತೀರಿಕೊಂಡು ಒಂಬತ್ತು ದಿನವಾಯಿತೆಂದು ಹೇಳಿದರು. ತಾಯಿಯ ಹೆಸರಿನಲ್ಲಿ ರಜ ಕೇಳುವಂತಿರಲಿಲ್ಲ. ಫಾರಮ್ಮಿನಲ್ಲಿ ಬಾಬಾಜಾನರ ತಾಯಿ ಎಂದೋ ಸತ್ತಿದ್ದರು. ಹೊಟ್ಟೆನೋವು ಎಂದು ಬರೆದು ಬಂದೆ. ಊರು ಮುಟ್ಟಿದಾಗ ಹನ್ನೊಂದನೇ ದಿನದ ಕೆಲಸ ಮುಗಿದು ಎಲೆ ಎತ್ತುತ್ತಿದ್ದರು. ಕೊಳ್ಳಿ ಇಟ್ಟವರು ವೆಂಕಟರಾಮಪ್ಪ ಮಾವ.

ಅವರು ನನ್ನ ಜೊತೆ ಜಗಳವಾಡಲಿಲ್ಲ. ಗೋಡೆಯ ಮೇಲೆ ನಾನು ತಂದುಕೊಟ್ಟ ಕಂಪನಿಯ ಕ್ಯಾಲೆಂಡರಿತ್ತು. ಅಮ್ಮನಿಗೆ ಜ್ವರ ಏರಿದಾಗ ಅದರಲ್ಲಿದ್ದ ವಿಳಾಸಕ್ಕೇ, ಟೀ ಅಂಗಡಿಗಿಂತ ಬೇಗ ಮುಟ್ಟುತ್ತದೆಂದು, ಚನ್ನಕೇಶವನ ಹೆಸರಿಗೆ ಟೆಲಿಗ್ರಾಂ ಕೊಟ್ಟಿದ್ದರು. ಎರಡು ದಿನಕ್ಕೆ ಪೋಸ್ಟಾಫೀಸಿನಿಂದ ಚೀಟಿ ಬಂತು. ಅದನ್ನು ಜೇಬಿನಿಂದ ತೆಗೆದು ತೋರಿಸಿದರು. ಈ ಹೆಸರಿನವರು ಇಲ್ಲ.

ಅಮ್ಮನಿಗೆ ಏನು ಹೇಳಿದಿರಿ ಎಂದು ಕೇಳಿದೆ.

"ಅದ್ನೇ ಓದಿ ಹೇಳ್ದೆ ಕಣಪ್ಪ. ಇನ್ನೇನು ಮಾಡ್ಲಿ? ಬಂತಾ ಬಂತಾ ಅಂತ ಕೇಳ್ತಾನೇ ಇದ್ಲು. ಇಲ್ಲವಂತೆ ಕಣಮ್ಮ, ಆ ಹೆಸರಿನವನು ಯಾರೂ ಇಲ್ಲವಂತೆ ಅಂದೆ. ಆಮೇಲೆ ಕೇಳೋದು ಬಿಟ್ಲು. ಮೂರು ದಿನ ಇದ್ಲು."

ನಾಲ್ಕನೇ ದಿನ ಪುಣೆಗೆ ವಾಪಸಾದೆ. ಗೇಟಿನ ವಾಚ್‌ಮನ್ ಇಂಡಿ ಕಡೆಯವನು. ಕನ್ನಡದವನೆಂದು ನನ್ನ ಮೇಲೆ ಅವನಿಗೆ ಪ್ರೀತಿ. ಹೊಟ್ಟೆನೋವು ಹೇಗಿದೆ ಎಂದು ವಿಚಾರಿಸಿದ. ಮೂರು ವಾರದ ಹಿಂದೆ ಒಂದು ಟೆಲಿಗ್ರಾಂ ಬಂದಿತ್ತೇ ಎಂದು ಕೇಳಿದೆ. ಅವನಿಗೆ ಚೆನ್ನಾಗಿ ನೆನಪಿತ್ತು.

"ಬಂದಿತ್ರಿ. ಚನ್ನಕೇಶವ ಅಂತ ಯಾಂವಂದೋ ಹೆಸರು. ರಜಿಸ್ಟರ್ ಎರಡು ಸಲ ತಿರುವಿ ನೋಡೀನಿ, ಅಂಥಾಂವ ಇಲ್ಲಿ ಯಾರೂ ಇಲ್ಲ ಅಂತ ಹೇಳಿ ವಾಪಸ್ ಕಳಿಸೀನಿ. ಯಾಕ್ರಿ ಬಾಬಾಜಾನ್ ಭಾಯ್, ನಿಮಗ ಗೊತ್ತಿದ್ದಾಂವೇನು?"

ನಾನು ಒಂದು ಉಸಿರು ತಡೆದೆ. ಹಿಂದೆ ಶಿಫ್ಟಿನವರು ಸಾಲಾಗಿ ನಿಂತು, ಬೇಗ ಬೇಗ ಎನ್ನುತ್ತಿದ್ದರು.

"ಗೊತ್ತಿದ್ದ," ಎಂದೆ. ಹಾಜರಿ ಕಾರ್ಡು ಒತ್ತಿ ಒಳಗೆ ಹೋದೆ.