ಅಕ್ಕನ ಮಂದೆಯ ಹುಳು

ಕುರಿ ಸಾಕಿ ತಂಗಿಯನ್ನು ಓದಿಸಿದವಳು ಅಕ್ಕ. ತಂಗಿ ಓದಿ ಸೇರಿದ್ದು ಕುರಿಗಳ ಹೊಟ್ಟೆಹುಳುವನ್ನು ಪರೀಕ್ಷಿಸುವ ಪ್ರಯೋಗಾಲಯಕ್ಕೆ. "ಓದಿ ಓದಿ ಕೊನೆಗೆ ಕುರಿ ಹಿಕ್ಕೆಗೇ ಬಂದೆಯಲ್ಲೇ" ಎಂದು ಅಕ್ಕ ಬಂದವರೆದುರೆಲ್ಲ ಹೇಳಿ ನಗುತ್ತಿದ್ದಳು. ಆ ನಗುವಿನಲ್ಲಿ ಹೆಮ್ಮೆಯೇ ಹೆಚ್ಚು.

ಆ ವರ್ಷ ಅಕ್ಕನ ಕುರಿಗಳು ಬಡಕಲಾಗತೊಡಗಿದವು. ರೆಪ್ಪೆ ಮಗುಚಿದರೆ ಒಳಗೆಲ್ಲ ಬಿಳುಚು, ದವಡೆಯ ಕೆಳಗೆ ನೀರು ತುಂಬಿದ ಬಾವು. ರಕ್ತ ಹೀರುವ ಹುಳುವೆಂದು ಅಕ್ಕನಿಗೆ ಗೊತ್ತಾಯಿತು. ಎಂದಿನ ಔಷಧ ಕುಡಿಸಿದಳು, ನಾಟಲಿಲ್ಲ. ಡಾಕ್ಟರು ಬೇರೆಯದನ್ನು ಕೊಟ್ಟರು, ಅದೂ ಅಷ್ಟೇ. ಕುರಿಗಳು ಒಂದೊಂದಾಗಿ ನೆಲ ಹಿಡಿದವು.

"ನೀನು ಓದಿದ್ದು ಇದನ್ನೇ ಅಲ್ವೇನೇ? ಏನಾದ್ರೂ ಮಾಡೇ" ಎಂದು ಅಕ್ಕ ಫೋನಿನಲ್ಲಿ ಅಂಗಲಾಚಿದಳು.

ತಂಗಿ ಓಡಿಬಂದು, ಸತ್ತ ಕುರಿಯೊಂದರ ಹೊಟ್ಟೆ ಬಿಡಿಸಿ, ಹುಳುಗಳನ್ನು ಫ್ಲಾಸ್ಕಿನಲ್ಲಿ ಒಯ್ದಳು. ಗಾಜಿನ ತಟ್ಟೆಯಲ್ಲಿ ಔಷಧ ಬೆರೆಸಿಟ್ಟರೆ ಮರುದಿನವೂ ಅವು ಹಾಯಾಗಿ ಮಿಸುಕಾಡುತ್ತಿದ್ದವು. ಆ ತಟ್ಟೆಯ ನೀರನ್ನು ಯಂತ್ರದಲ್ಲಿ ಪರೀಕ್ಷಿಸಿದಾಗ ಗುಟ್ಟು ಹೊರಬಿತ್ತು. ಹುಳುಗಳು ಔಷಧಕ್ಕೆ ಸಕ್ಕರೆಯಂಥದ್ದೊಂದನ್ನು ಅಂಟಿಸಿ, ಅದರ ಹಲ್ಲು ಕಿತ್ತು, ಹೊರಕ್ಕೆ ಉಗುಳುತ್ತಿದ್ದವು. ಜೊತೆಯವರು ಕೈ ಕುಲುಕಿದರು. ತಂಗಿ ಹಿಗ್ಗಿಹೋದಳು. ಅವು ಯಾರ ಕುರಿಯ ಹುಳುಗಳೆಂಬುದು ಅರೆಗಳಿಗೆ ಮರೆತೇ ಹೋಗಿತ್ತು.

ಅಕ್ಕನಿಗೆ ತಿಳಿಸಲು ಹೋದಾಗ ದೊಡ್ಡಿ ಖಾಲಿಯಾಗಿತ್ತು.

"ಮದ್ದು ಸಿಕ್ತಾ?"

"ಇಲ್ಲಕ್ಕಾ. ಮದ್ದು ಯಾಕೆ ನಾಟ್ತಿಲ್ಲ ಅಂತ ಗೊತ್ತಾಯ್ತು. ಹುಳಗಳು ಅದನ್ನೇ ಅರಗಿಸ್ಕೊಂಡುಬಿಡ್ತಿವೆ."

ಅಕ್ಕ ಖಾಲಿ ದೊಡ್ಡಿಯ ಬಾಗಿಲು ಎಳೆದುಕೊಂಡಳು. "ಆ ಹುಳ ಈಗೆಲ್ಲಿವೆ?"

"ನಮ್ಮಲ್ಲೇ. ಒಂದು ಮರಿಯ ಹೊಟ್ಟೇಲಿ ಸಾಕ್ತಿದೀವಿ. ಇಲ್ದಿದ್ರೆ ಆ ತಳಿ ಉಳಿಯಲ್ಲ, ಹೊಸ ಮದ್ದು ಹುಡುಕೋಕಾಗಲ್ಲ."

ಅಕ್ಕ ನಗಲು ನೋಡಿದಳು. "ನನ್ನ ಕುರಿ ಹೋದ್ವು, ಹುಳ ಮಾತ್ರ ಕ್ಷೇಮ ಅನ್ನು."

ಮುಂದಿನ ವಾರ ಅವಳೇ ಪ್ರಯೋಗಾಲಯಕ್ಕೆ ಬಂದಳು. ಸಿಮೆಂಟಿನ ಗೂಡಿನಲ್ಲಿ ಆ ಮರಿ ನಿಂತಿತ್ತು. ಅಕ್ಕ ಕುಕ್ಕರಗಾಲಿನಲ್ಲಿ ಕೂತು ಅದರ ಹಣೆ ತುರಿಸಿದಳು. ಅದು ಅವಳ ಸೆರಗು ಜಗಿಯಿತು.

"ಇದನ್ನೂ ಕೊಯ್ತೀರಾ?"

ತಂಗಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹೂಂ. ಹುಳ ತೆಗೀಬೇಕಲ್ಲಕ್ಕಾ."

ಅಕ್ಕ ಮೆಲ್ಲಗೆ ಸೆರಗು ಬಿಡಿಸಿಕೊಂಡು ಎದ್ದಳು. ಚಹಾಕ್ಕೂ ನಿಲ್ಲಲಿಲ್ಲ.

ಆಮೇಲೆ ಅವಳು ಕುರಿ ಕಟ್ಟಲಿಲ್ಲ. ಹೊಲಿಗೆ ಕಾರ್ಖಾನೆ ಸೇರಿದಳು. ಈಗಲೂ ಫೋನು ಮಾಡುತ್ತಾಳೆ, ಊಟ ಆಯ್ತಾ ಎಂದು ಕೇಳುತ್ತಾಳೆ. ತಂಗಿಯ ಕೆಲಸದ ಮಾತು ಮಾತ್ರ ಎತ್ತುವುದಿಲ್ಲ.