ಗುಡ್ಡದಿಂದ ಇಳಿಯದ ಟೀಚರ್

ಹೊಸಪೇಟೆಯ ನಡಿಗೆ ಬಳಗದವರು ಆ ತಿಂಗಳು ಸಂಡೂರಿನ ಗುಡ್ಡ ಹತ್ತಿದ್ದರು. ಇಳಿದು ಬಂದಾಗ ನಿವೃತ್ತ ಟೀಚರ್ ಮರುಳಸಿದ್ದಮ್ಮ ಕಾಣಲಿಲ್ಲ.

“ಹಿಂದ ಬರ್ತಿರಬೇಕು ಬಿಡ್ರಿ,” ಎಂದರು ಉಳಿದವರು.

ಬಳಗ ನಡೆಸುವ ರೇಣುಕಾದೇವಿ ಮಾತ್ರ ಬಂದ ದಾರಿಯತ್ತ ತಿರುಗಿದಳು. ಟೀಚರಿಗೆ ಮರೆವಿನ ಕಾಯಿಲೆ ಶುರುವಾಗಿರುವುದು ಆಕೆಯೊಬ್ಬಳಿಗೇ ಗೊತ್ತಿತ್ತು. “ಯಾರಿಗೂ ಹೇಳಬ್ಯಾಡವ್ವಾ, ನನ್ನ ಬಿಟ್ಟು ಹೋಗ್ತಾರ,” ಎಂದು ಅವರು ಮಾತು ತೆಗೆದುಕೊಂಡಿದ್ದರು.

ರೇಣುಕಾ ಕೂಗುತ್ತಾ ಮತ್ತೆ ಗುಡ್ಡ ಹತ್ತಿದಳು. ಉತ್ತರವಿಲ್ಲ. ಪಕ್ಕದ ಕೊರಕಲಿಗೆ ಇಣುಕಲು ಧೈರ್ಯ ಸಾಲಲಿಲ್ಲ. ಅರ್ಧ ತಾಸಿನ ಮೇಲೆ ಬಂಡೆಯೊಂದರ ಮರೆಯಲ್ಲಿ ಟೀಚರ್ ಸಿಕ್ಕರು. ಸೆರಗು ಮುಳ್ಳಿಗೆ ಸಿಕ್ಕಿ ಹರಿದಿತ್ತು.

“ಯಾವ ಕಡೆ ಇಳೀಬೇಕು ತಿಳೀಲಿಲ್ಲವ್ವಾ. ಮುಂದಿನ ತಿಂಗಳು ನಾ ಬರೋದು ಬ್ಯಾಡೇನು?”

ರೇಣುಕಾ ಅವರ ಕೈ ಹಿಡಿದಳು. “ಬರ್ರಿ ಟೀಚರ್. ಆದ್ರ ಈಗ ಕೆಳಗ ಹೋಗಿ ಎಲ್ಲಾರಿಗೂ ಹೇಳೋಣು.”

ಮರುಳಸಿದ್ದಮ್ಮ ಹರಿದ ಸೆರಗು ಸರಿಮಾಡಿಕೊಂಡು, “ನೀನೇ ಹೇಳವ್ವಾ,” ಎಂದರು.